ಬೇಟೆ ಡೇರೆಗೆ ಆಯುಧಪೂಜೆ

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮ ಯಜಮಾನರು ಕಳೆದ ವರ್ಷ ವಾರಗಟ್ಟಲೆ ಕೂತು ಜಿಂಕೆ ಬೇಟೆಯ ವಿಚಾರ ಓದಿದರು. ದೂರದ ಚಳಿ ದೇಶಗಳಲ್ಲಿ ಮಕ್ಕಳನ್ನು ಬೇಟೆಗೆ ಕರೆದುಕೊಂಡು ಹೋಗುವ ಅಪ್ಪಂದಿರು ಎಂಥ ಡೇರೆ ಕೊಳ್ಳಬೇಕು, ಅದು ಎಷ್ಟು ಹಗುರವಾಗಿರಬೇಕು, ಕೂತ ಮಗುವಿನ ಕಣ್ಣಿಗೆ ಸರಿಹೋಗಲು ಕಿಟಕಿ ಎಷ್ಟು ಕೆಳಗಿರಬೇಕು, ಎಲ್ಲ ಅವರಿಗೆ ಬಾಯಿಪಾಠವಾಗಿತ್ತು. ಮನೆಗೆ ಬಂದ ಜಿರಲೆಯನ್ನು ಹಾಳೆಯ ಮೇಲೆ ಹತ್ತಿಸಿಕೊಂಡು ಕಾರಿಡಾರಿಗೆ ಬಿಟ್ಟು ಬರುವ ಮನುಷ್ಯ ಇವರು. ಒಂದು ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಜಿಂಕೆ ಎದುರಿಗೆ ಬಂದಾಗ ಮಕ್ಕಳು ಎಕ್ಸೈಟ್ ಆಗಿ ಕೂಗಿಬಿಡ್ತಾರಂತೆ ಕಣೇ. ಮನೇಲೇ ಪ್ರಾಕ್ಟೀಸ್ ಮಾಡಿಸ್ಬೇಕಂತೆ."

"ಬಂದೂಕು ಯಾವತ್ತು ಡೆಲಿವರಿ ಆಗತ್ರೀ?" ಅಂದೆ.

ಅವರು ನಗಲಿಲ್ಲ. ಯಾವ ಕೆಲಸ ಹಿಡಿದರೂ ಅದರ ಬೇರು ನೋಡದೆ ಬಿಡುವವರಲ್ಲ. ನನಗೋ ಸಿಟ್ಟು ಬೇಗ, ತಾಳ್ಮೆ ಕಡಿಮೆ. ನಮ್ಮಿಬ್ಬರ ಸಂಸಾರ ಹೀಗೇ ನಡೆದು ಬಂದಿದೆ.

ಇದಕ್ಕೆಲ್ಲ ಕಾರಣ ನಮ್ಮ ಚಿಕ್ಕ ಮಗಳು. ಆಗ ಅವಳಿಗೆ ಎಂಟು ವರ್ಷ. ನಾವು ಈ ದ್ವೀಪದ ನಡುಭಾಗದ ಟೋವಾ ಪಾಯೋದಿಂದ ಉತ್ತರ ತುದಿಯ ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಆಗಿದ್ದೆವು, ಆದರೆ ಅವಳ ಶಾಲೆ ಬದಲಾಯಿಸಿರಲಿಲ್ಲ. ಹಾಗಾಗಿ ಇನ್ನೂ ಕತ್ತಲಿರುವಾಗಲೇ ಶಾಲೆಯ ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು, ಮಂಡಾಯಿ ರಸ್ತೆಯಲ್ಲಿ ಕಾಡಿನ ಅಂಚಿನಲ್ಲೇ ಹಾದು ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಬಸ್ಸಿಳಿದು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿ ಬಂದಳು.

"ಅಮ್ಮಾ! ರೋಡ್ ಸೈಡಲ್ಲಿ ಜಿಂಕೆ ನಿಂತಿತ್ತು! ಹಸು ಅಷ್ಟು ದೊಡ್ಡದು! ಚುಕ್ಕೆ ಇಲ್ಲ, ಫುಲ್ ಬ್ರೌನ್. ತಲೆ ಮೇಲೆ ಮರ ಇತ್ತು ಅಮ್ಮಾ, ನನ್ನೇ ನೋಡ್ತು!"

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡವಳು ಫೋನಿನಿಂದ ತಲೆ ಎತ್ತಲಿಲ್ಲ. ಅವಳಿಗೆ ಹದಿಮೂರು. ಜಗತ್ತಿನ ಎಲ್ಲ ವಿಷಯವೂ ತಿಳಿದಿರುವ, ಇಲ್ಲಿಯವರ ಹಾಗೆ ಮಾತಿನ ಕೊನೆಗೆ 'ಲಾ' ಹಚ್ಚುವ ವಯಸ್ಸು.

"ಝೂ ಬೋರ್ಡ್ ನೋಡಿರ್ತಾಳೆ ಲಾ. ಆ ರೋಡ್ ತುಂಬ ಅನಿಮಲ್ ಫೋಟೋನೇ. ಬರೀ ಸುಳ್ಳು."

"ಬೋರ್ಡ್ ಅಲ್ಲ ಅಕ್ಕ, ಕಿವಿ ಅಲ್ಲಾಡಿಸ್ತು."

"ಸುಳ್ಳು."

ಬಸ್ಸಿನಲ್ಲಿ ಇನ್ನೂ ಕೆಟ್ಟದಾಯಿತು. ಮಂಡಾಯಿ ರಸ್ತೆ ಬಂದ ಕೂಡಲೇ ಬೆಳಿಗ್ಗೆ ಬೆಳಿಗ್ಗೆ ಮಕ್ಕಳೆಲ್ಲ ಕಿಟಕಿಯ ಕಡೆ ಕೈ ತೋರಿಸಿ "ನೋಡು ಆನೆ, ನೋಡು ಡೈನೋಸಾರ್" ಅಂತ ಅವಳನ್ನು ಕಾಡಿಸತೊಡಗಿದರು. ಇದನ್ನು ಅವಳು ಹೇಳಲಿಲ್ಲ. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಂಟಿಯಿಂದ ನನಗೆ ಗೊತ್ತಾಯಿತು. ಹೇಳದೇ ಇದ್ದದ್ದಕ್ಕೇ ನನಗೆ ದಿಗಿಲಾದದ್ದು. ಈ ಹುಡುಗಿ ಮನೆಗೆ ಬಂದರೆ ಬ್ಯಾಗು ಇಳಿಸುವ ಮೊದಲು ಮಾತು ಇಳಿಸುವವಳು. ಯಾರ ಹಲ್ಲು ಬಿತ್ತು, ಕ್ಯಾಂಟೀನಿನಲ್ಲಿ ಯಾರು ಹಾಲು ಚೆಲ್ಲಿದರು, ಮಳೆ ಬಂದಾಗ ಮೈನಾ ಹಕ್ಕಿ ಎಲ್ಲಿ ಕೂತಿತ್ತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದಳು. "ಸ್ವಲ್ಪ ಬಾಯಿ ಮುಚ್ಚಿ ಊಟ ಮಾಡೇ" ಅಂತ ನಾನೇ ಎಷ್ಟೋ ಸಲ ಗದರಿದ್ದೆ. ಈಗ "ಇವತ್ತೇನಾಯ್ತು ಪುಟ್ಟಾ?" ಅಂದರೆ "ಏನಿಲ್ಲ" ಅನ್ನುತ್ತಿದ್ದಳು. ಆ ಮೂರಕ್ಷರದ ಮುಂದೆ ಮನೆ ಇಷ್ಟು ಬಿಕೋ ಅನ್ನುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಅವಳನ್ನು ನಂಬಿದ್ದೆ. ಮೈಮೇಲೆ ಚುಕ್ಕೆಯಿಲ್ಲದ, ಹಸುವಿನಷ್ಟು ಎತ್ತರದ ಜಿಂಕೆ ಎಂದರೆ ಅದು ಕಡವೆ. ಮೈಸೂರಿನವಳಾದ ನನಗೆ ಅಷ್ಟು ಗೊತ್ತು. ಯಜಮಾನರೂ ಹುಡುಕಿ ನೋಡಿ, ಈ ದ್ವೀಪದ ನಡುವಿನ ಕಾಡಿನಲ್ಲಿ ಕಡವೆಗಳಿವೆ, ಒಂದು ಕಾಲಕ್ಕೆ ಇಲ್ಲವೇ ಇಲ್ಲ ಎನ್ನುವಂತಾಗಿದ್ದು ಈಗ ಮತ್ತೆ ಹೆಚ್ಚಿವೆ ಎಂದು ಹೇಳಿದರು. ಆದರೆ ಅಮ್ಮ ನಂಬಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅಮ್ಮಂದಿರು ಎಲ್ಲವನ್ನೂ ನಂಬುತ್ತಾರೆ ಅಂತ ಮಕ್ಕಳಿಗೆ ಗೊತ್ತು. ಅವಳಿಗೆ ಬೇಕಾಗಿದ್ದದ್ದು ಅಕ್ಕ ನಂಬುವುದು. ಅಕ್ಕನೋ, "ಫಾರೆಸ್ಟಲ್ಲಿ ಇರಬಹುದು, ಇವಳು ನೋಡಿಲ್ಲ ಅಷ್ಟೇ" ಅಂತ ತೀರ್ಪು ಕೊಟ್ಟು ಮುಗಿಸಿದ್ದಳು. ಹಾಗಾದರೆ ಅಕ್ಕನ ಕಣ್ಣಿಗೇ ಕಡವೆ ಬೀಳಬೇಕು ಎಂದು ನಾನು ಹಟ ಹಿಡಿದೆ. ನನ್ನ ಹಟಕ್ಕೆ ದಾರಿ ಹುಡುಕುವುದು ಯಜಮಾನರ ಪಾಲಿಗೆ ಬಂತು.

ಜಾಗ ಸಿಕ್ಕಿದ್ದು ತುಳಸಿಯಿಂದ. ನಮ್ಮ ಕಾರಿಡಾರಿನಲ್ಲಿ ತುಳಸಿ ಒಂದು ಮಳೆಗಾಲ ಕೂಡ ಉಳಿಯುವುದಿಲ್ಲ. ಮಂಡಾಯಿ ಕಡೆಯ ಒಂದು ನರ್ಸರಿಯಿಂದ ನಾನು ಗಿಡ ತರುತ್ತಲೇ ಇರುತ್ತೇನೆ. ಆ ನರ್ಸರಿಯ ಹಿಂದಿನ ಬೇಲಿಗೆ ಕಾಡು ತಾಗಿಕೊಂಡಿದೆ. ಅದರ ಒಡತಿ, ಅರವತ್ತು ದಾಟಿದ ಚೀನೀ ಆಂಟಿ, ತನ್ನ ದಾಸವಾಳದ ಗಿಡಗಳನ್ನು ಯಾವುದೋ ಪ್ರಾಣಿ ತಿಂದು ಹಾಕುತ್ತಿದೆ ಅಂತ ನನ್ನ ಹತ್ತಿರ ಬೈದುಕೊಂಡಿದ್ದರು. ಮುರಿದ ಬೇಲಿ ತೋರಿಸಿ "ಡಿಯರ್ ಲಾ, ಬಿಗ್ ಒನ್" ಅಂದಿದ್ದರು. ಮಕ್ಕಳನ್ನು ಕರೆತಂದು ಬೆಳಗಿನ ಹೊತ್ತು ಹಿಂದುಗಡೆ ಕೂರಬಹುದೇ ಅಂತ ಕೇಳಿದರೆ ಜೋರಾಗಿ ನಕ್ಕು, ಹಿಡಿದುಕೊಂಡು ಹೋಗುವುದಾದರೆ ಇನ್ನೂ ಸಂತೋಷ ಅಂದರು. ಇಲ್ಲಿನ ರಕ್ಷಿತ ಕಾಡುಗಳಲ್ಲಿ ಬೇಕಾದಲ್ಲಿ ಡೇರೆ ಹಾಕುವ ಹಾಗಿಲ್ಲ. ಅವರ ನರ್ಸರಿ ಅವರದು, ಅವರ ಅಪ್ಪಣೆ ಸಿಕ್ಕಿತು.

ಮೊದಲ ಸಲ ಡೇರೆಯಿಲ್ಲದೆ ಕುಂಡಗಳ ಹಿಂದೆ ಕೂತೆವು. ಚಿಕ್ಕವಳು ಸೊಳ್ಳೆ ಹೊಡೆದಳು, ದೊಡ್ಡವಳು ಆಕಳಿಸಿದಳು, ನಾನು ಇಬ್ಬರಿಗೂ ಗದರಿದೆ. ನಮ್ಮ ಗದ್ದಲಕ್ಕೆ ಅಳಿಲು ಕೂಡ ಬರಲಿಲ್ಲ. ಮಕ್ಕಳನ್ನು ಕಾಡಿನ ಕಣ್ಣಿಗೆ ಕಾಣದ ಹಾಗೆ ಕೂರಿಸಬೇಕಾದರೆ ಅವರು ಹೊರಳಾಡಲು, ತಿನ್ನಲು, ನಿದ್ದೆ ಮಾಡಲು ಸಾಕಷ್ಟು ಜಾಗವಿರುವ ಮರೆ ಬೇಕು ಎಂದು ಅಂದೇ ತಿಳಿಯಿತು. ಅಂಥ ಮರೆಯನ್ನು ಮಕ್ಕಳಿಗೆಂದೇ ಯೋಚಿಸಿ ಮಾಡುವವರು ಬೇಟೆಗಾರರು ಮಾತ್ರ. ಹೀಗೆ ನಮ್ಮ ಮನೆಗೆ ಬೇಟೆ ಬಂತು.

ಯಜಮಾನರ ಲೆಕ್ಕದಲ್ಲಿ ಮೂರು ಬಗೆ. ಒಂದು, ಕುರ್ಚಿಗೆ ಕೊಡೆ ಹೊದಿಸಿದ ಹಾಗಿರುವಂಥದು. ಒಬ್ಬರಿಗೆ ಒಂದು. ಚಿಕ್ಕವಳು ಒಂಟಿಯಾಗಿ ಕೂರುವುದಿಲ್ಲ, ಅದು ಬೇಡ. ಇನ್ನೊಂದು, ಗೂಟಗಳಿಗೆ ಕಟ್ಟುವ ಬರೀ ಬಟ್ಟೆ ಗೋಡೆ. ತುಂಬ ಹಗುರ, ಆದರೆ ಮೇಲೆ ಮಾಡು ಇಲ್ಲ. ದೊಡ್ಡವಳು ಎದ್ದು ನಿಂತರೆ ತಲೆ ಆಚೆ ಕಾಣುತ್ತದೆ, ಮಳೆ ಬಂದರೆ ಎಲ್ಲರೂ ತೊಪ್ಪೆ. ಮೂರನೆಯದು ನಾಲ್ಕು ಗೋಡೆ, ಮಾಡು, ಸುತ್ತ ಕಿಟಕಿಗಳಿರುವ ಡೇರೆ. ನಮಗೆ ಕಾರಿಲ್ಲ. ಏನೇ ಕೊಂಡರೂ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬೇಕು, ಪಕ್ಕದವರ ಮುಖಕ್ಕೆ ತಿವಿಯಬಾರದು. ಅದಕ್ಕೇ ಮೊದಲು, ಮಡಚಿದರೆ ತಟ್ಟೆಯಷ್ಟಾಗುವ, ಬಿಟ್ಟರೆ ತಾನೇ ಬಿಚ್ಚಿಕೊಳ್ಳುವ ಸ್ಪ್ರಿಂಗ್ ಡೇರೆ ತರಿಸಿದರು.

ಅದು ತಾನೇ ಬಿಚ್ಚಿಕೊಂಡಿತು, ನಮ್ಮ ಹಾಲಿನಲ್ಲಿ. ಪಟ್ಟಿ ಬಿಚ್ಚಿದ್ದೇ ತಡ, ಎಗರಿ ಫ್ಯಾನಿನ ಹತ್ತಿರ ಹೋಗಿ, ಟೀವಿ ಪಕ್ಕದ ಗೊಂಬೆಗಳನ್ನೆಲ್ಲ ಕೆಡವಿ ನಿಂತಿತು. ಚೆನ್ನಾಗಿಲ್ಲ, ವಾಪಸ್ ಕಳಿಸೋಣ ಅಂದುಕೊಂಡರೆ ವಾಪಸ್ ಕಳಿಸಲು ಅದನ್ನು ಮಡಚಬೇಕು. ವೀಡಿಯೋದಲ್ಲಿ ಒಬ್ಬ ದಾಂಡಿಗ ಅದನ್ನು ಎಂಟರ ಆಕಾರಕ್ಕೆ ತಿರುಚಿ ಕ್ಷಣದಲ್ಲಿ ಚೀಲಕ್ಕೆ ಹಾಕುತ್ತಿದ್ದ. ನಮ್ಮವರು ಅವನನ್ನು ನೋಡಿಕೊಂಡೇ ತಿರುಚಿದರು, ಡೇರೆ ಅವರನ್ನು ತಿರುಚಿತು. ಕೊನೆಗೆ ವಾಯ್ಡ್ ಡೆಕ್‌ಗೆ, ಎಂದರೆ ಬ್ಲಾಕಿನ ಕೆಳಗಿನ ತೆರೆದ ಜಾಗಕ್ಕೆ, ಹಾಗೆಯೇ ಇಳಿಸಿಕೊಂಡು ಹೋಗಿ, ಚೆಸ್ ಆಡುತ್ತಿದ್ದ ಇಬ್ಬರು ಅಂಕಲ್‌ಗಳನ್ನೂ ಕರೆದು ಅದರ ಮೇಲೆ ಕೂರಿಸಿ ಮಡಚಿದೆವು. ಚಿಕ್ಕವಳು ಎಷ್ಟೋ ದಿನದ ಮೇಲೆ ಬಿದ್ದು ಬಿದ್ದು ನಕ್ಕಳು. ಅದಕ್ಕಾಗಿಯಾದರೂ ಆ ದರಿದ್ರ ಡೇರೆಗೆ ನನ್ನ ನಮಸ್ಕಾರ.

ಆಮೇಲೆ ತರಿಸಿದ್ದು ಕಡ್ಡಿಗಳ ಡೇರೆ. ಪ್ರತಿ ಗೋಡೆಯ ನಡುವಿನ ಗುಬುಟು ಹೊರಗೆಳೆದರೆ ಅದು ಬಿಗಿಯಾಗುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ದಪ್ಪ ಕೊಡೆಯ ಹಾಗೆ ಹೆಗಲಿಗೆ ಬರುತ್ತದೆ. ಅದನ್ನೂ ವಾಯ್ಡ್ ಡೆಕ್‌ನಲ್ಲೇ ಹಾಕಿ ನೋಡಿದೆವು. ಮೋಟು ಸ್ಟೂಲುಗಳ ಮೇಲೆ ಮಕ್ಕಳನ್ನು ಕೂರಿಸಿ, ಕಿಟಕಿ ಕಣ್ಣಿನ ಮಟ್ಟಕ್ಕೆ ಬರುತ್ತದೆಯೇ ಅಂತ ಯಜಮಾನರು ಹೊರಗಿನಿಂದ ಬಗ್ಗಿ ನೋಡಿದರು. ಜಿಪ್ಪು ಎಳೆದರೆ ಸದ್ದಾಗುತ್ತದೆ ಅಂತ ಕಿಟಕಿಗೆ ಕೊಕ್ಕೆಗಳಿದ್ದವು. ಒಳಗೆಲ್ಲ ಕಪ್ಪು ಬಟ್ಟೆ. ಒಳಗೆ ಕೂತವರು ಕತ್ತಲಲ್ಲಿ ಕರಗಿಹೋಗುತ್ತಿದ್ದರು. ಹೊರಗೆ ಚಳಿ ದೇಶದ ಒಣ ಎಲೆಗಳ ಚಿತ್ರ. ನಮ್ಮ ಹಸಿರಿನ ನಡುವೆ ಅದು ಎದ್ದು ಕಾಣುವುದಿಲ್ಲವೇ ಅಂದೆ. ಜಿಂಕೆಗೆ ಬಣ್ಣಕ್ಕಿಂತ ಅಲುಗಾಟ ಕಾಣುತ್ತದೆ, ಅದಕ್ಕಿಂತ ಹೆಚ್ಚಾಗಿ ವಾಸನೆ ತಿಳಿಯುತ್ತದೆ ಅಂದರು. ಆ ಮಾತನ್ನು ಹೇಳಿದ್ದು ಅವರೇ, ಅವರ ಬಾಯಿಂದಲೇ. ಅದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಏಕೆಂದರೆ ಅದರ ಮರುದಿನವೇ ಆಯುಧಪೂಜೆ.

ನಮ್ಮ ಮನೆಯಲ್ಲಿ ಆ ದಿನ ಲ್ಯಾಪ್‌ಟಾಪು, ಸೈಕಲ್ಲು, ಮಿಕ್ಸಿ, ದೊಡ್ಡವಳ ಕಂಪಾಸ್ ಬಾಕ್ಸು, ಎಲ್ಲಕ್ಕೂ ಕುಂಕುಮ. ಹೊಸದಾಗಿ ಬಂದ ವಸ್ತುವಿಗೆ ಇನ್ನೂ ಹೆಚ್ಚಿನ ಮರ್ಯಾದೆ. ಡೇರೆ ಹೊಸದು, ಅದರ ಮೇಲೆ ಬೇಟೆಯದು. ಅದಕ್ಕಿಂತ ಆಯುಧ ನಮ್ಮ ಮನೆಯಲ್ಲಿ ಇನ್ನಾವುದಿದೆ? ನಾನು ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿದೆ. ಯಜಮಾನರು ತಾವೇ ಸಾಂಬ್ರಾಣಿ ಹಾಕಿ, ಡೇರೆಯ ಚೀಲದ ಬಾಯಿ ಬಿಚ್ಚಿ, ಒಳಗೂ ಹೊಗೆ ಹೋಗಲಿ ಅಂತ ಹಿಡಿದು, ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಅದನ್ನು ದೇವರ ಮನೆಯಲ್ಲೇ ಒರಗಿಸಿಟ್ಟೆವು. ನಮ್ಮ ದೇವರ ಮನೆ ಎಂದರೆ ಬಾಂಬ್ ಶೆಲ್ಟರ್. ಯುದ್ಧ ಬಂದರೆ ಅಡಗಲಿಕ್ಕೆಂದು ಇಲ್ಲಿಯ ಮನೆಗಳಲ್ಲಿ ದಪ್ಪ ಗೋಡೆ, ಉಕ್ಕಿನ ಬಾಗಿಲಿನ ಒಂದು ಪುಟ್ಟ ಕೋಣೆ ಇರುತ್ತದೆ; ಕಿಟಕಿ ಇರುವುದಿಲ್ಲ. ಯುದ್ಧ ಬರುವವರೆಗೆ ಅಲ್ಲಿ ನಮ್ಮ ದೇವರುಗಳಿದ್ದಾರೆ, ಅಕ್ಕಿ ಚೀಲವಿದೆ, ಸೂಟ್‌ಕೇಸುಗಳಿವೆ. ಬೆಳಿಗ್ಗೆ ಸಂಜೆ ಅಲ್ಲಿ ಹಚ್ಚುವ ಊದುಬತ್ತಿಯ ಹೊಗೆ ಹೊರಗೆ ಹೋಗುವುದು ಬಾಗಿಲು ತೆರೆದಾಗ ಮಾತ್ರ.

ಆ ಶನಿವಾರ ಕತ್ತಲಿರುವಾಗಲೇ ಮೊದಲ ಬಸ್ಸು ಹಿಡಿದು ಹೋದೆವು. ಯಜಮಾನರ ಕಟ್ಟಳೆಗಳು ನೂರೆಂಟು. ಬಿಳಿ ಬಟ್ಟೆ ಬೇಡ, ಸರಬರ ಅನ್ನುವ ಪ್ಲಾಸ್ಟಿಕ್ ರೇನ್‌ಕೋಟು ಬೇಡ, ನನ್ನ ಗಾಜಿನ ಬಳೆ ಬೇಡ, ಚಕ್ಕುಲಿ ಖಂಡಿತ ಬೇಡ. ಬಾಳೆಹಣ್ಣು ತನ್ನಿ, ಮೆತ್ತಗೆ ತಿನ್ನಬಹುದು. ಚಿಕ್ಕವಳ ಕಾಲ್ಗೆಜ್ಜೆ ಬಿಚ್ಚಿಸಿದರು. ಅವಳು ಗೊಣಗದೆ ಕಾಲು ಚಾಚಿದಳು. ನರ್ಸರಿಯ ಆಂಟಿ ಗೇಟು ತೆಗೆದು, ನಿದ್ದೆಗಣ್ಣಲ್ಲೇ ನಮ್ಮನ್ನು ಹಿಂದುಗಡೆಗೆ ಬಿಟ್ಟರು. ಬೇಲಿ ಮುರಿದ ಜಾಗಕ್ಕೆ ಎದುರಾಗಿ ಡೇರೆ ಹಾಕಿ ನಾಲ್ವರೂ ಒಳಗೆ ಕೂತೆವು.

ಕಾಡಿನ ಅಂಚಿನಲ್ಲಿ ಬೆಳಗಾಗುವುದನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಮೊದಲು ಕಪ್ಪು, ಆಮೇಲೆ ಕಪ್ಪಿನೊಳಗೇ ಎಷ್ಟೋ ಬಗೆಯ ಕಪ್ಪು. ಯಾವುದು ಮರ, ಯಾವುದು ಬಳ್ಳಿ ಎಂದು ಒಂದೊಂದೇ ಬೇರೆಯಾಗುತ್ತ ಬಂತು. ಎಲ್ಲೋ ಎಕ್ಸ್‌ಪ್ರೆಸ್‌ವೇ ಮೊರೆಯುತ್ತಿತ್ತು. ಅದರ ಕೆಳಗೆ ಕಾಡಿನ ಮೌನ ಬೇರೆಯೇ ಇತ್ತು. ಇಷ್ಟೆಲ್ಲ ನನ್ನ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ದಿನವೂ ನಡೆಯುತ್ತಿತ್ತಲ್ಲ, ನಾನು ಆ ಹೊತ್ತಿಗೆ ಟಿಫಿನ್ ಡಬ್ಬಿ ಮುಚ್ಚುತ್ತಿರುತ್ತಿದ್ದೆನಲ್ಲ ಅಂತ ಬೆರಗಾಯಿತು.

ಆಗ ಬೇಲಿಯ ಆಚೆ, ತೀರ ಹತ್ತಿರದಲ್ಲಿ, ಏನೋ ಒಂದು ಢಾಂಕ್ ಎಂದು ಕೂಗಿತು. ಕೂಗು ಎಂದರೆ ಸರಿಯಲ್ಲ. ತಗಡಿನ ಡ್ರಮ್ಮಿಗೆ ಒಂದೇ ಏಟು ಬಿದ್ದ ಹಾಗೆ, ನನ್ನ ಎದೆಯೊಳಗೇ ಬಡಿಯಿತು. ಆಮೇಲೆ ನೆಲಕ್ಕೆ ಕಾಲು ಅಪ್ಪಳಿಸಿದ ಸದ್ದು. ಮತ್ತೆ ಢಾಂಕ್. ಎಲೆಕಡ್ಡಿಗಳನ್ನು ಮುರಿಯುತ್ತ ಏನೋ ಭಾರವಾದದ್ದು ದೂರ ಹೋಯಿತು, ಆಮೇಲೆ ಏನೂ ಇಲ್ಲ. ಚಿಕ್ಕವಳು ನನ್ನ ತೋಳನ್ನು ಉಗುರು ನಾಟುವಷ್ಟು ಹಿಡಿದಿದ್ದಳು.

"ಲಾರಿ ಹಾರ್ನ್," ಅಂದಳು ದೊಡ್ಡವಳು. ಆದರೆ ದನಿ ಸಣ್ಣದಾಗಿತ್ತು.

ಚಿಕ್ಕವಳು ಏನಾದರೂ ಹೇಳಲಿ, ಜಗಳವಾದರೂ ಆಡಲಿ ಅಂತ ಕಾದೆ. ಅವಳು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದಳು.

ಬೆಳಕು ಹರಿದ ಮೇಲೆ ಆಂಟಿ ನೀರಿನ ಪೈಪು ಹಿಡಿದುಕೊಂಡು ಬಂದರು. ಡೇರೆಯ ಬಾಗಿಲಲ್ಲಿ ತಲೆ ಹಾಕಿದವರು ಹಾಗೆಯೇ ಹಿಂದೆ ಸರಿದರು.

"ಅಯ್ಯೋ! ಟೆಂಪಲ್ ಸ್ಮೆಲ್ ಲಾ! ಯು ಬ್ರಿಂಗ್ ಹೋಲ್ ಟೆಂಪಲ್ ಆ?"

ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಅವರು ಡೇರೆಯ ಬಟ್ಟೆಯನ್ನು ಹಿಡಿದು ಮೂಸಿದರು. ಸಾಂಬ್ರಾಣಿ, ಕರ್ಪೂರ, ಮೇಲೆ ಮಲ್ಲಿಗೆ ಊದುಬತ್ತಿ. ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ, ಮನೆಯ ಗಾಳಿ. ಕಡವೆಯ ಮೂಗಿಗೆ ಹೇಗಿತ್ತೋ. ಇಡೀ ಜಗತ್ತಿನ ಬೇಟೆಗಾರರು ಡೇರೆಯ ವಾಸನೆ ಕಳೆಯಲು ಒದ್ದಾಡುತ್ತಾರೆಂದು ನನಗೆ ಪಾಠ ಹೇಳಿದ್ದ ಮನುಷ್ಯ ತಮ್ಮ ಕೈಯಾರೆ ಅದಕ್ಕೆ ಸಾಂಬ್ರಾಣಿ ಹಿಡಿದಿದ್ದರು. "ನೀನಾದ್ರೂ ಹೇಳ್ಬಾರ್ದಿತ್ತಾ?" ಅಂದರು. "ಪೂಜೆ ಬೇಡ ಅಂತ ನಾನು ಹೇಳ್ಬೇಕಿತ್ತಾ?" ಅಂದೆ. ಬಸ್ ಸ್ಟಾಪಿನವರೆಗೂ ಈ ಜಗಳ ನಡೆಯಿತು. ಬಸ್ಸು ಬರುವ ಹೊತ್ತಿಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದೇವರ ವಾಸನೆಗೆ ಹೆದರಿ ಓಡಿದ ಕಡವೆ ನಮ್ಮದೊಂದೇ ಇರಬೇಕು.

ಮನೆಗೆ ಬಂದು ಸೋಡಾಪುಡಿ ಹಾಕಿ ಡೇರೆ ತೊಳೆದೆವು. ಅಡುಗೆಮನೆ ಕಿಟಕಿಯಾಚೆ ಬಟ್ಟೆ ಒಣಹಾಕುವ ಗಳುವಿನ ಮೇಲೆ ಅದನ್ನು ಹರವಿದರೆ, ಹತ್ತನೇ ಮಹಡಿಯಿಂದ ಚಳಿ ದೇಶದ ಒಂದು ಕಾಡು ನೇತಾಡಿತು. ಕೆಳಗಿನ ಮನೆಯವರು ಬಂದು, ತಮ್ಮ ಬೆಡ್‌ಶೀಟಿನ ಮೇಲೆ ನೀರು ತೊಟ್ಟಿಕ್ಕುತ್ತಿದೆ, ಅದೇನದು ಅಂತ ಕೇಳಿದರು. ಒಣಗಿದ ಮೇಲೂ ಹೊಲಿಗೆಗಳ ಸಂದಿಯಲ್ಲಿ ಕರ್ಪೂರ ಉಳಿದಿತ್ತು. ಕೊನೆಗೆ ನಾನು ಆಂಟಿಯನ್ನು ಕೇಳಿಕೊಂಡು, ಡೇರೆಯನ್ನು ನರ್ಸರಿಯಲ್ಲೇ, ಗೊಬ್ಬರದ ಗುಡ್ಡೆಯ ಪಕ್ಕದಲ್ಲಿ, ಬೇಲಿಗೆ ಎದುರಾಗಿ ಹಾಕಿಯೇ ಬಿಟ್ಟು ಬಂದೆ. ಇರುವ ಜಾಗದಲ್ಲೇ ಇದ್ದರೆ ಕಡವೆಗೂ ಅದು ರೂಢಿಯಾದೀತು ಎಂದು ಯಜಮಾನರೂ ಒಪ್ಪಿದರು. ನವೆಂಬರಿನ ಮಳೆಯೆಲ್ಲ ಅದರ ಮೇಲೆ ಸುರಿಯಿತು.

ಶಾಲೆಗೆ ದೊಡ್ಡ ರಜೆ ಬಂತು. ಚಿಕ್ಕವಳು ಈಗ ಊಟವನ್ನು ಬಾಯಿ ಮುಚ್ಚಿಯೇ ಮಾಡುತ್ತಿದ್ದಳು. ಒಂದು ದಿನ ಅವಳು ಕಿಟಕಿಯ ಹತ್ತಿರ ನಿಂತು ಏನನ್ನೋ ನೋಡಿ ತುಟಿ ತೆರೆದು, ಅಕ್ಕನ ಕಡೆ ತಿರುಗಿ, ಮತ್ತೆ ತುಟಿ ಮುಚ್ಚಿಕೊಂಡದ್ದನ್ನು ನೋಡಿದೆ. ಆಚೆ ಏನಿತ್ತೋ ನನಗೆ ತಿಳಿಯಲಿಲ್ಲ. ನನಗೆ ಅಳು ಬಂತು, ಜೊತೆಗೆ ದೊಡ್ಡವಳ ಮೇಲೆ ಕೆಂಡದಂಥ ಸಿಟ್ಟೂ ಬಂತು. ಆದರೆ ಬೈದು ಹುಟ್ಟಿಸಿದ ನಂಬಿಕೆಯಿಂದ ಆ ಮಗುವಿಗೆ ಏನು ಪ್ರಯೋಜನ? ಮಾರನೆಯ ದಿನ ಮತ್ತೆ ಹೋಗುವುದು ಎಂದು ಹೇಳಿಬಿಟ್ಟೆ.

ಆ ಬೆಳಿಗ್ಗೆ ತಲೆಗೆ ಎಣ್ಣೆಯಿಲ್ಲ, ಹೂವಿಲ್ಲ. ದೇವರಿಗೆ ದೀಪ ಮಾತ್ರ ಹಚ್ಚಿ, ಇವತ್ತು ಊದುಬತ್ತಿ ಇಲ್ಲ, ಕಾರಣ ನಿನಗೇ ಗೊತ್ತು ಅಂದೆ. ಕಾಲ್ಗೆಜ್ಜೆಯ ತಿರುಪು ಚಿಕ್ಕವಳ ಕೈಯಲ್ಲಿ ಬಿಚ್ಚಲಾಗದೆ, ದೊಡ್ಡವಳು ನಿದ್ದೆಗಣ್ಣಲ್ಲಿ ನೆಲದ ಮೇಲೆ ಕೂತು ತಂಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿಕೊಟ್ಟಳು. "ಲಾಸ್ಟ್ ಟೈಮ್ ಓಕೆ? ನೆಕ್ಸ್ಟ್ ಟೈಮ್ ನಾನು ಬರಲ್ಲ," ಅಂದಳು.

ಡೇರೆ ಈಗ ಗೊಬ್ಬರ, ಒದ್ದೆ ಎಲೆ, ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಅದರ ಮಾಡಿನ ಮೇಲೆ ಒಂದು ಬಸವನಹುಳು ಮನೆ ಮಾಡಿತ್ತು. ನಾವು ಒಳಗೆ ಕೂತೆವು. ಕಪ್ಪು ಕರಗತೊಡಗಿತು. ಚಿಕ್ಕವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು, ನಿದ್ದೆ ಹೋದಳು. ಮಗುವಿಗೆ ಮಲಗಲೂ ಜಾಗವಿರುವ ಡೇರೆಯನ್ನೇ ಆರಿಸಿದ್ದೆವಲ್ಲ, ಮಲಗಲಿ ಅಂತ ಬಿಟ್ಟೆ. ದೊಡ್ಡವಳು ತನ್ನ ಕಿಟಕಿಗೆ ಗಲ್ಲ ಊರಿಕೊಂಡು ಕೂತಿದ್ದಳು. ಯಜಮಾನರ ಕೈಯಲ್ಲಿ ಕ್ಯಾಮೆರಾ ಇತ್ತು, ಅದರ ಕ್ಲಿಕ್ ಸದ್ದನ್ನೂ ಆಫ್ ಮಾಡಿಟ್ಟಿದ್ದರು.

ದೊಡ್ಡವಳ ಬೆನ್ನು ನೆಟ್ಟಗಾಯಿತು. ಅವಳು ತಿರುಗಲಿಲ್ಲ. ಹಿಂದಕ್ಕೆ ಕೈ ಚಾಚಿ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದಳು.

ಬೇಲಿ ಮುರಿದ ಜಾಗದಲ್ಲಿ ಒಂದು ಹೆಣ್ಣು ಕಡವೆ ನಿಂತಿತ್ತು. ಯಾವಾಗ ಬಂತೋ ಯಾರಿಗೂ ತಿಳಿಯದು. ಒಂದು ಎಲೆಯ ಸದ್ದಿಲ್ಲ. ಎಲೆಕೋಸಿನ ಎಲೆಯಷ್ಟು ಅಗಲದ ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದವು. ಅದು ಒಳಗೆ ಹೆಜ್ಜೆಯಿಟ್ಟು ದಾಸವಾಳದ ಗಿಡಕ್ಕೆ ಬಾಯಿ ಹಾಕಿತು. ಅದರ ಹಿಂದೆ ಕತ್ತಲೆಯೇ ಮುಂದೆ ಬಂದಂತಾಯಿತು. ಗಂಡು. ಕುತ್ತಿಗೆಯ ತುಂಬ ಒರಟು ಕೂದಲು, ಮೈಯಿಂದ ನೀರು ಇಳಿಯುತ್ತಿತ್ತು. ಕವಲೊಡೆದ ಕೊಂಬುಗಳನ್ನು ಹಿಂದಕ್ಕೆ ಬಾಗಿಸಿ, ಬೇಲಿಯ ತಂತಿಗೆ ತಾಗದ ಹಾಗೆ ತಲೆಯನ್ನು ಓರೆ ಮಾಡಿ, ಅಷ್ಟು ದೊಡ್ಡ ಪ್ರಾಣಿ ಅಷ್ಟು ನಾಜೂಕಾಗಿ ಒಳಗೆ ಬಂತು. ಅದರ ಬೆನ್ನಿನ ಹಿಂದೆ, ಮರಗಳ ಸಂದಿಯಲ್ಲಿ, ದೂರದ ಬ್ಲಾಕುಗಳ ದೀಪ ಇನ್ನೂ ಉರಿಯುತ್ತಿತ್ತು. ತಲೆಯ ಮೇಲೆ ವಿಮಾನವೊಂದು ಹೋಯಿತು. ಅದು ತಲೆ ಎತ್ತಿ ಕೂಡ ನೋಡಲಿಲ್ಲ. ಈ ಊರು ಇಷ್ಟು ಎತ್ತರ ಬೆಳೆದದ್ದು ಅದಕ್ಕೆ ಸಂಬಂಧಪಟ್ಟ ವಿಷಯವೇ ಅಲ್ಲ ಎನ್ನುವಂತೆ ದಾಸವಾಳ ತಿನ್ನುತ್ತಿತ್ತು. ಅದು ಅಗಿಯುವ ಸದ್ದು ನಮಗೆ ಕೇಳಿಸುತ್ತಿತ್ತು. ನಾನು ಉಸಿರು ಬಿಡಲು ಮರೆತಿದ್ದೆ. ಕೈ ಮುಗಿಯಬೇಕು ಎನಿಸಿತು, ಆದರೆ ಒಂದು ಕೈ ಮಗಳ ಹಿಡಿತದಲ್ಲಿತ್ತು.

ಚಿಕ್ಕವಳನ್ನು ಎಬ್ಬಿಸಬೇಕು. ಎಬ್ಬಿಸಿದರೆ ಕೂಗುತ್ತಾಳೆ. ಎಬ್ಬಿಸದಿದ್ದರೆ ಇಷ್ಟೆಲ್ಲ ಮಾಡಿದ್ದೇಕೆ? ನನಗೆ ತೋಚುವ ಮೊದಲೇ ದೊಡ್ಡವಳು ನನ್ನ ಮಣಿಕಟ್ಟು ಬಿಟ್ಟು, ತೂಗುವ ಹಾಗೆ ನಿಧಾನವಾಗಿ ಬಗ್ಗಿ, ತಂಗಿಯ ಬಾಯಿಯ ಮೇಲೆ ಅಂಗೈ ಇಟ್ಟು, ಕಿವಿಗೆ ತುಟಿ ತಾಗಿಸಿ ಪಿಸುಗುಟ್ಟಿದಳು.

"ನಿನ್ ಜಿಂಕೆ ಬಂದಿದೆ."

ಚಿಕ್ಕವಳು ಕಣ್ಣು ತೆರೆದಳು. ಕೂಗಲಿಲ್ಲ. ಎದ್ದು ಕಿಟಕಿಯಲ್ಲಿ ಒಮ್ಮೆ ನೋಡಿದಳು. ನಾವೆಲ್ಲ ಬಾಯಿ ಬಿಟ್ಟು ಕೂತಿದ್ದರೆ ಅವಳಿಗೆ ಅಚ್ಚರಿಯೇ ಆಗಲಿಲ್ಲ. ಅವಳು ಅದನ್ನು ಮೊದಲೇ ನೋಡಿದ್ದಳಲ್ಲ. ಆಮೇಲೆ ಅವಳು ಮುಖ ಈಚೆ ತಿರುಗಿಸಿ ಅಕ್ಕನನ್ನು ನೋಡತೊಡಗಿದಳು. ಅಕ್ಕ ಕಡವೆಯನ್ನು ನೋಡುತ್ತಿದ್ದಳು, ಅಕ್ಕನ ಕಣ್ಣಲ್ಲಿ ನೀರಿತ್ತು. ಕಡವೆ ಇದ್ದಷ್ಟು ಹೊತ್ತೂ ಚಿಕ್ಕವಳು ಅಕ್ಕನ ಮುಖವನ್ನೇ ನೋಡುತ್ತ ಕೂತಳು.

ಹೋಗುವಾಗಲೂ ಸದ್ದಿಲ್ಲ. ದಾಸವಾಳದ ಕೊಂಬೆಯೊಂದು ಅಲುಗುತ್ತಿತ್ತು, ಅಷ್ಟೇ.

"ಫೋಟೋ?" ಅಂದೆ ಸ್ವಲ್ಪ ಹೊತ್ತಿನ ಮೇಲೆ. ಯಜಮಾನರು ಕೈಯಲ್ಲಿದ್ದ ಕ್ಯಾಮೆರಾವನ್ನು ಈಗ ತಾನೇ ಯಾರೋ ಕೊಟ್ಟುಹೋದಂತೆ ನೋಡಿದರು. ಒಂದೂ ತೆಗೆದಿರಲಿಲ್ಲ. ಅಷ್ಟೆಲ್ಲ ಓದಿಕೊಂಡ ಮನುಷ್ಯ. ನನಗೆ ಬೈಯುವ ಮನಸ್ಸೇ ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ದೊಡ್ಡವಳು ಸುಮ್ಮನಿರಲಾರದೆ ಗೆಳತಿಯರಿಗೆ ಮೆಸೇಜ್ ಮಾಡಿದಳು. ಉತ್ತರ ಬಂತು. ಓದಿದ ಅವಳ ಮುಖ ಕೆಂಪಾಯಿತು.

"ಅಮ್ಮಾ, ಝೂಗೆ ಹೋಗಿದ್ಯಾ ಅಂತ ಕೇಳ್ತಿದ್ದಾರೆ. ಪಿಕ್ಚರ್ ಎಲ್ಲಿ ಅಂತಾರೆ. ನಾನ್ಯಾಕೆ ಸುಳ್ಳು ಹೇಳ್ಲಿ? ನಾನ್ ನೋಡಿದೀನಿ ಲಾ!"

ಇಡೀ ಬಸ್ಸು ತಿರುಗಿ ನೋಡಿತು. ಕಿಟಕಿಯ ಪಕ್ಕ ಕೂತಿದ್ದ ಚಿಕ್ಕವಳು ಅಕ್ಕನ ತೋಳಿಗೆ ಒರಗಿದಳು.

"ನಾನೂ ನೋಡಿದೀನಲ್ಲ ಅಕ್ಕ," ಅಂದಳು.

ದೊಡ್ಡವಳು ಫೋನನ್ನು ಬ್ಯಾಗಿಗೆ ಹಾಕಿದಳು. ಕೈಯನ್ನು ತಂಗಿಯ ಹೆಗಲ ಮೇಲಿಟ್ಟಳು. ಬಸ್ಸು ಮಂಡಾಯಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಚಿಕ್ಕವಳು ನೆಟ್ಟಗೆ ಕೂತಳು. ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ತುಟಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಅಕ್ಕ, ಇನ್ನೊಂದು ಹೇಳ್ಲಾ? ಒಂದಿನ ಸ್ಕೂಲ್ ಬಸ್ ಇಲ್ಲೇ ನಿಂತಿತ್ತು. ಆಗ ಒಂದು ಅನಿಮಲ್ ರೋಡ್ ಸೈಡಲ್ಲಿ ನಡ್ಕೊಂಡ್ ಹೋಗ್ತಿತ್ತು. ಹಲಸಿನ ಹಣ್ಣಿಗೆ ಬಾಲ ಬಂದ್ರೆ ಹೇಗಿರತ್ತೆ, ಹಾಗಿತ್ತು. ನಾನ್ ಯಾರಿಗೂ ಹೇಳಿಲ್ಲ."

ನಾನು ಉಸಿರು ಬಿಗಿಹಿಡಿದೆ. ಬೆಳಿಗ್ಗೆ ಕಡವೆಯ ಮುಂದೆ ಕೂಡ ಹಾಗೆ ಹಿಡಿದಿರಲಿಲ್ಲ. ಹಲಸಿನ ಹಣ್ಣಿಗೆ ಬಾಲ ಎಂದರೆ ಚಿಪ್ಪುಹಂದಿ ಇರಬೇಕೆಂದು ಯಜಮಾನರು ಆಮೇಲೆ ಹೇಳಿದರು, ಆ ಕ್ಷಣಕ್ಕೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ದೊಡ್ಡವಳು ಹುಬ್ಬು ಗಂಟಿಕ್ಕಿ ತಂಗಿಯ ಮುಖವನ್ನು ನೋಡಿದಳು. ಆಮೇಲೆ ಅವಳ ಮೇಲೆ ಬಗ್ಗಿ, ಕಿಟಕಿಯ ಗಾಜಿಗೆ ಹಣೆಯೊತ್ತಿ, 

"ಎಲ್ಲಿ? ತೋರ್ಸು," ಅಂದಳು.